ಎರಡನೆಯ ಗೆರೆ

ದೆಹಲಿಯ ಮೆಟ್ರೋದಲ್ಲಿ ಎದುರು ಕೂತವರ ಮುಖ ಏಕನಾಥನಿಗೆ ತಡವಾಗಿ ಕಾಣುತ್ತದೆ. ಮೊದಲು ಕಾಣುವುದು ತಲೆ. ಇಷ್ಟು ವರ್ಷಗಳಲ್ಲಿ ಅದು ಚಟವೇ ಆಗಿಬಿಟ್ಟಿದೆ. ವೈಶಾಲಿ ಸ್ಟೇಷನ್ನಿನಲ್ಲಿ ಹತ್ತಿದಾಗಿನಿಂದ ಎದುರು ಸೀಟಿನ ಹುಡುಗಿ ಜಡೆಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಅವಳ ಪಕ್ಕದ ಹುಡುಗನದು ಬಾಚಣಿಗೆ ಕಾಣದ ಕೆದರು ತಲೆ. ಬಾಗಿಲಿಗೆ ಒರಗಿದ್ದ ಮುದುಕನ ಕಿವಿಯೊಳಗಿಂದಲೂ ಬಿಳಿ ಕೂದಲು ಕುಚ್ಚಾಗಿ ಹೊರಬಂದಿತ್ತು. ಅದನ್ನು ನೋಡಿ ಏಕನಾಥನಿಗೆ ಸಣ್ಣ ಸಿಟ್ಟು ಬಂತು, ಮುದುಕ ಅದನ್ನು ಬೇಕೆಂದೇ ಬೆಳೆಸಿಕೊಂಡಿದ್ದಾನೆ ಎನ್ನುವಂತೆ. ಪಕ್ಕದಲ್ಲಿ ಜಲಜಾ ಮಾಸ್ಕ್ ಹಾಕಿಕೊಂಡು, ತೊಡೆಯ ಮೇಲೆ ಅವಲಕ್ಕಿಯ ಡಬ್ಬಿ ಇಟ್ಟುಕೊಂಡು, ಕಿಟಕಿಯಾಚೆಯ ನವೆಂಬರಿನ ಹೊಗೆಯನ್ನು ನೋಡುತ್ತಿದ್ದಳು. ಆ ಹೊಗೆಯಲ್ಲಿ ಯಮುನೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಗೊತ್ತಾಗಲಿಲ್ಲ. ಡಬ್ಬಿ ಮಗಳಿಗೆ. ಧಾರಿಣಿ ಮುನಿರ್ಕಾದ ತನ್ನ ರೂಮಿನಿಂದ ನೇರವಾಗಿ ಆಸ್ಪತ್ರೆಗೆ ಬರುತ್ತೇನೆ ಅಂದಿದ್ದಳು. ಮೂವರೂ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದು ತಿಂಗಳುಗಳೇ ಆಗಿದ್ದವು. ಇವತ್ತು ಫಲಿತಾಂಶ ಹೇಳುತ್ತಾರೆ. ಏನು ಹೇಳಬಹುದು ಎಂದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ಬೆಳಿಗ್ಗೆ ಮನೆಗೆ ಬೀಗ ಹಾಕುವಾಗ ಜಲಜಾ, ‘ಗ್ಯಾಸ್ ಆರಿಸಿದ್ದೀನಿ ತಾನೆ?’ ಅಂದದ್ದು ಬಿಟ್ಟರೆ ಅವರ ನಡುವೆ ಮಾತೇ ನಡೆದಿರಲಿಲ್ಲ.

ಹುಟ್ಟಿದಾಗ ಧಾರಿಣಿಗೆ ತಲೆ ತುಂಬ ಕೂದಲಿತ್ತು. ಬರುಬರುತ್ತ ಅದು ಸುರುಳಿಯಾಗಿ ಕಿವಿಯ ಮೇಲೆ ಇಳಿಯಿತು; ಜಲಜಾ ಅದಕ್ಕೊಂದು ಕ್ಲಿಪ್ಪು ಹಾಕಿ, ತೆಗೆದು, ಬೇರೆ ಬಣ್ಣದ್ದು ಹಾಕಿ ನೋಡುತ್ತಿದ್ದಳು. ವರ್ಷ ತುಂಬುವ ಮೊದಲು ಮನೆದೇವರಿಗೆ ಮುಡಿ ಕೊಡುವುದು ಅವರ ಕಡೆಯ ಪದ್ಧತಿ. ‘ಇನ್ನೊಂದು ವರ್ಷ ಬಿಟ್ಟು ಕೊಡೋಣ, ದೇವರೇನು ಎದ್ದು ಹೋಗ್ತಾನಾ’ ಎಂದು ಜಲಜಾ ಅಂದಿದ್ದಳು. ತಾನು ಕೆಲಸ ಮಾಡುವ ಓಖ್ಲಾದ ಪ್ರೆಸ್ಸಿನಲ್ಲಿ ಮತ್ತೆ ರಜೆ ಸಿಗುವುದಿಲ್ಲ, ಊರಿಗೆ ಬಂದಾಗಲೇ ಮುಗಿಸಿಬಿಡಬೇಕು ಎಂದು ಹಟ ಹಿಡಿದವನು ಏಕನಾಥ. ತಿಪಟೂರಿನಿಂದ ಗಾಡಿ ಮಾಡಿಕೊಂಡು ಹೋದರು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ತಲೆ ಬೋಳಿಸಬೇಕು, ಆದರೆ ಜಲಜಾಗೆ ಅಣ್ಣ ತಮ್ಮ ಯಾರೂ ಇಲ್ಲ. ‘ನೀನೇ ಕೂರಿಸ್ಕೋ ಏಕೂ. ಅಪ್ಪಾನೂ ನೀನೇ, ಮಾವನ ಲೆಕ್ಕಾನೂ ನೀನೇ’ ಎಂದು ಅಕ್ಕ ನಕ್ಕಿದ್ದಳು. ಅಕ್ಕ ಎಂದರೆ ಏಕನಾಥನ ಒಡಹುಟ್ಟಿದ ಅಕ್ಕ, ಜಲಜಾಳ ತಾಯಿ. ಅಕ್ಕನ ಮಗಳನ್ನೇ ಅವನು ಮದುವೆಯಾದದ್ದು, ಅವರ ಕಡೆ ಬಹಳ ಜನ ಆಗುವ ಹಾಗೆ. ಗುಡಿಯ ಹಿಂದಿನ ಕಟ್ಟೆಯ ಮೇಲೆ ಅವನೇ ಮಗುವಿನ ತಲೆ ಬಗ್ಗಿಸಿ ಹಿಡಿದಿದ್ದ. ಕತ್ತಿ ಒಂದು ಕಡೆ ತಾಗಿ ಸಾಸಿವೆಯಷ್ಟು ರಕ್ತ ಬಂತು. ಅದರ ಮೇಲೆ ಗಂಧ ಹಚ್ಚಿದರು. ಮಗು ಅತ್ತಿತು, ಆಮೇಲೆ ಬಾಳೆಹಣ್ಣು ತಿಂದು ಸುಮ್ಮನಾಯಿತು. ಆ ಕೂದಲು ಮತ್ತೆ ಬರಲಿಲ್ಲ. ಮೊದಲು ನಿಧಾನ ಅಂದುಕೊಂಡರು. ಆಮೇಲೆ ಹುಬ್ಬೂ ತೆಳುವಾಯಿತು, ರೆಪ್ಪೆಗೂದಲೂ ಉದುರಿತು. ‘ನಾನು ಬೇಡ ಅಂದಿದ್ದೆ’ ಎಂದು ಜಲಜಾ ಹೇಳಿದ್ದು ಒಂದೇ ಸಲ, ಗಾಜಿಯಾಬಾದಿನ ಮನೆಯ ಅಡುಗೆಮನೆಯಲ್ಲಿ, ಅವನ ಕಡೆ ತಿರುಗದೆ. ಮತ್ತೆ ಹೇಳುವ ಅಗತ್ಯ ಅವಳಿಗೆ ಬೀಳಲಿಲ್ಲ. ಅವಳು ಮಗುವಿನ ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಅವನಿಗೆ ಆ ಮಾತು ಕೇಳಿಸುತ್ತಿತ್ತು.

ರಾಜೀವ್ ಚೌಕದಲ್ಲಿ ಗಾಡಿ ಬದಲಿಸುವಾಗ ಜನ ನೂಕಿದರು. ಜಲಜಾ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. ಅವನು ಅವಳ ಮೊಣಕೈ ಹಿಡಿಯಲು ಹೋಗಿ ಕೈ ಹಿಂದೆ ತೆಗೆದುಕೊಂಡ. ಹೀಗೆ ಅವುಚಿಕೊಂಡೇ ಅವಳು ಧಾರಿಣಿಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ದೇಹದ ಕಾವಲುಗಾರರೇ ತಪ್ಪು ತಿಳಿದು ಕೂದಲಿನ ಬೇರಿನ ಮೇಲೆ ಬೀಳುತ್ತಿದ್ದಾರೆ, ಇಂಜೆಕ್ಷನ್ ಕೊಟ್ಟರೆ ಸುಮ್ಮನಾಗುತ್ತಾರೆ ಎಂದು ಆ ಡಾಕ್ಟರು ಹೇಳುತ್ತಿದ್ದರು. ತಲೆಯ ಚರ್ಮದೊಳಕ್ಕೇ ಚುಚ್ಚುವುದು, ಸಾಲಾಗಿ, ಗಿಡ ನೆಟ್ಟ ಹಾಗೆ. ಕೈ ಹಿಡಿಯುವುದು ತಾಯಿ, ಮೊಣಕಾಲು ಒತ್ತಿಹಿಡಿಯುವುದು ತಂದೆ. ಗುಳಿಗೆ ನುಂಗಿ ನುಂಗಿ ಮಗುವಿನ ಮುಖ ಊದಿ, ಯಾರದೋ ಮಗುವಿನಂತೆ ಕಾಣುತ್ತಿತ್ತು. ಇಷ್ಟಾದರೂ ಕತ್ತಿ ಹಿಡಿದಾಗ ತಲೆ ಬಗ್ಗಿಸಿದವನು ತಾನು ಎನ್ನುವ ತಪ್ಪಿತಸ್ಥ ಭಾವದಲ್ಲಿ ಏಕನಾಥನಿಗೆ ಒಂದು ಬಗೆಯ ಆಸರೆಯಿತ್ತು. ಯಾಕೆಂದರೆ ಅದರ ಹಿಂದೆ ಇನ್ನೊಂದು ಅನುಮಾನ ಇತ್ತು, ಅದನ್ನು ಅವನು ತಿರುಗಿ ನೋಡುತ್ತಿರಲಿಲ್ಲ. ಒಮ್ಮೆ ಪ್ರೆಸ್ಸಿಗೆ ಆರೋಗ್ಯದ ಪುಸ್ತಿಕೆಯೊಂದು ಅಚ್ಚಿಗೆ ಬಂದಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದು ಕೆಂಪು ಶಾಯಿ ಕಪ್ಪು ಶಾಯಿಯ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅವನ ಕೆಲಸ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹುಟ್ಟುವ ಮಕ್ಕಳಲ್ಲಿ ಎಂದು ಶುರುವಾದ ಹಿಂದಿ ವಾಕ್ಯವೊಂದು ಆ ಹಾಳೆಯ ನಡುವೆ ಇತ್ತು. ಅವನು ಕೆಂಪನ್ನು ನೋಡಿದ, ಕಪ್ಪನ್ನು ನೋಡಿದ, ಸರಿಯಿದೆ ಎಂದು ಸಹಿ ಹಾಕಿದ. ವಾಕ್ಯ ಎಲ್ಲಿಗೆ ಹೋಗಿ ಮುಗಿಯಿತು ಎಂದು ಓದಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಧಾರಿಣಿ ಅವರಿಗಿಂತ ಮೊದಲೇ ಬಂದು ಗೋಡೆಗೆ ಒರಗಿ ನಿಂತಿದ್ದಳು. ತಲೆಗೆ ಏನೂ ಕಟ್ಟಿರಲಿಲ್ಲ. ಯೂನಿವರ್ಸಿಟಿಗೆ ಸೇರಿದ ವರ್ಷವೇ ಅವಳು ವಿಗ್ ಬಿಟ್ಟಿದ್ದಳು. ಕರೋಲ್ ಬಾಗಿನಲ್ಲಿ ಏಕನಾಥ ಅಂಗಡಿ ಅಂಗಡಿ ಅಲೆದು ಆರಿಸಿ ತಂದ ವಿಗ್ಗುಗಳು ಮನೆಯ ಅಟ್ಟದಲ್ಲಿದ್ದವು. ಕಿವಿಯಲ್ಲಿ ದೊಡ್ಡ ಬೆಳ್ಳಿಯ ಓಲೆ, ಪೆನ್ಸಿಲಿನಲ್ಲಿ ಬರೆದ ಹುಬ್ಬು. ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ತನ್ನ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮತ್ತೆ ಮತ್ತೆ ಅವಳ ಕಡೆ ನೋಡುತ್ತಿದ್ದಳು. ಏಕನಾಥ ಹೋಗಿ ಆ ನೋಟಕ್ಕೂ ಮಗಳಿಗೂ ನಡುವೆ ನಿಂತ. ‘ಅಪ್ಪ, ಬೇಡ. ಐ ಡೋಂಟ್ ಮೈಂಡ್’ ಎಂದಳು ಧಾರಿಣಿ, ಮೆಲ್ಲಗೆ. ಅವನು ಸರಿದು ನಿಂತ. ಈ ಪರೀಕ್ಷೆ ಬೇಕೆಂದವಳು ಅವಳೇ. ಅವಳು ಮದುವೆಯಾಗಬೇಕೆಂದಿರುವ ಹುಡುಗ ಶ್ರೇಯಸ್, ದಾವಣಗೆರೆಯವನು, ಗುರುಗ್ರಾಮದ ಆಫೀಸೊಂದರಲ್ಲಿದ್ದಾನೆ. ಅವನಿಗೆ ಏನೂ ಬೇಕಿರಲಿಲ್ಲ. ಅವನ ತಾಯಿ ಮಾತ್ರ ಫೋನಿನಲ್ಲಿ ಬಹಳ ಮೆದುವಾಗಿ, ‘ಮಕ್ಕಳಿಗೂ ಬರುತ್ತೇನಮ್ಮ ಇದು?’ ಎಂದು ಕೇಳಿದ್ದರಂತೆ. ‘ಅವರು ಕೇಳಿದ್ದು ತಪ್ಪಲ್ಲ, ನನಗೇ ಗೊತ್ತಿಲ್ಲವಲ್ಲ, ಅದು ತಪ್ಪು’ ಎಂದಿದ್ದಳು ಧಾರಿಣಿ.

ಕರೆಯುವವರೆಗೆ ಮೂವರೂ ಸಾಲಾಗಿ ಕೂತರು. ಹೋದ ಸಲ ಇದೇ ಬಾಗಿಲ ಒಳಗೆ ಡಾಕ್ಟರು, ‘ಮದುವೆಗೆ ಮೊದಲು ನೀವಿಬ್ಬರೂ ಸಂಬಂಧಿಕರಾ?’ ಎಂದು ಕೇಳಿದ್ದರು. ಏಕನಾಥ ‘ಇಲ್ಲ’ ಅಂದಿದ್ದ. ಅದು ಅವನು ಯೋಚಿಸಿ ಹೇಳಿದ ಸುಳ್ಳೂ ಅಲ್ಲ, ಗಾಜಿಯಾಬಾದಿನಲ್ಲಿ ಅಷ್ಟು ವರ್ಷ ಬಾಯಿಗೆ ರೂಢಿಯಾದ ಉತ್ತರ. ಆ ಕಡೆಯವರಿಗೆ ಮಾಮ ಎಂದರೆ ತಂದೆಯ ಸಮಾನ. ಅಂಥ ಮದುವೆಯನ್ನು ಅವರು ಬಾಯಲ್ಲಿ ಹೇಳಲೂ ಅಂಜುತ್ತಾರೆ. ಒಮ್ಮೆ ಅಕ್ಕ ಬಂದಿದ್ದಾಗ ಎದುರು ಮನೆಯ ತ್ಯಾಗಿ ಆಂಟಿ, ‘ಅತ್ತೆಯನ್ನು ಅಕ್ಕ ಅಂತೀರಲ್ಲ ಭಾಯಿ ಸಾಹೇಬ್?’ ಎಂದು ಕೇಳಿದ್ದರು. ನಮ್ಮಲ್ಲಿ ಅತ್ತೆಗೆ ಅಕ್ಕ ಅಂತಲೇ ಕರೆಯುವುದು ಅಂದುಬಿಟ್ಟಿದ್ದ. ಧಾರಿಣಿಗೆ ಸ್ಕೂಲಿನಲ್ಲಿ ವಂಶದ ಚಿತ್ರ ಬರೆಯಲು ಹೇಳಿದಾಗ ಅವಳು ತಿಪಟೂರಿನ ಅಜ್ಜಿಯನ್ನು ಅಮ್ಮನ ಕಡೆಗೂ ಬರೆದು ಅಪ್ಪನ ಕಡೆಗೂ ಬರೆದಿದ್ದಳು. ಅಪ್ಪನ ಅಕ್ಕ ಬುವಾ, ಅಮ್ಮನ ತಾಯಿ ನಾನಿ, ಇಬ್ಬರೂ ಒಬ್ಬರೇ ಹೇಗಾಗುತ್ತಾರೆ ಎಂದು ಟೀಚರು ಒಂದು ಕಡೆ ಕಾಟು ಹಾಕಿದರು, ಮಕ್ಕಳೆಲ್ಲ ನಕ್ಕರು. ಆ ಸಂಜೆ ಏಕನಾಥ ಮಗಳನ್ನು ಕೂರಿಸಿಕೊಂಡು, ‘ಇದೆಲ್ಲ ಇಲ್ಲಿಯವರಿಗೆ ಹೇಳಬಾರದು ಪುಟ್ಟಿ’ ಅಂದಿದ್ದ. ‘ಯಾಕೆ, ಕೆಟ್ಟದ್ದಾ?’ ಎಂದು ಕೇಳಿದ್ದಳು. ಕೆಟ್ಟದ್ದಲ್ಲ, ಆದರೂ ಹೇಳಬಾರದು. ಮಗು ತಲೆಯಾಡಿಸಿತ್ತು, ತಲೆಯ ಬಗ್ಗೆ ಯಾರಿಗೂ ಹೇಳಬಾರದಿದ್ದ ಹಾಗೆಯೇ ಇದೂ ಒಂದು ಎಂದು ಅರ್ಥಮಾಡಿಕೊಂಡಂತೆ.

ಒಳಗೆ ಡಾಕ್ಟರು, ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕೂತಿದ್ದರು. ಪಕ್ಕದಲ್ಲೊಬ್ಬ ಚಿಕ್ಕ ಡಾಕ್ಟರು, ಕೈಯಲ್ಲಿ ಪೆನ್ನು. ಅವನ ಮುಂದಿನ ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು ಗೆರೆ ಎಳೆದಿತ್ತು. ಏಕನಾಥನ ಚೌಕಕ್ಕೂ ಜಲಜಾಳ ಸೊನ್ನೆಗೂ ನಡುವೆ ಒಂದು ಗೆರೆ, ಅದರ ಕೆಳಗೆ ಕಪ್ಪು ತುಂಬಿದ ಒಂದು ಸೊನ್ನೆ, ಧಾರಿಣಿಯದು.

‘ಹೋದ ಸಲ ನಿಮ್ಮನ್ನು ಒಂದು ವಿಷಯ ಕೇಳಿದ್ದೆ,’ ಎಂದರು ಡಾಕ್ಟರು ಹಿಂದಿಯಲ್ಲಿ. ‘ಮದುವೆಗೆ ಮೊದಲು ಸಂಬಂಧ ಇತ್ತಾ ಅಂತ.’

‘ಜೀ. ಒಂದೇ ಊರು, ಒಂದೇ ಜಾತಿ,’ ಎಂದ ಏಕನಾಥ. ‘ಅಷ್ಟೇ.’

ಡಾಕ್ಟರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ‘ಊರು ಒಂದೇ ಆದರೆ ರಕ್ತ ಇಷ್ಟು ಹೊಂದುವುದಿಲ್ಲ. ನಾನು ತಪ್ಪು ಹುಡುಕುತ್ತಿಲ್ಲ. ನಿಮ್ಮ ಮಗಳಿಗೆ ಸರಿಯಾಗಿ ಹೇಳಬೇಕಾದರೆ ನನಗೆ ಗೊತ್ತಿರಬೇಕು.’

ಏಕನಾಥ ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿಯನ್ನು ನೋಡುತ್ತ ಕೂತ. ಅದರ ಮೇಲಿನ ನೀಲಿ ಅಕ್ಷರ ಸ್ವಲ್ಪ ಜರುಗಿ ಅಚ್ಚಾಗಿತ್ತು. ಜಲಜಾ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡಳು.

‘ಯೇ ಮೇರೇ ಮಾಮಾ ಹೈಂ,’ ಎಂದಳು. ತರಕಾರಿಯವನ ಜೊತೆ ಮಾತಾಡಿ ಕಲಿತ ಅವಳ ಹಿಂದಿ. ‘ನನ್ನ ತಾಯಿಯ ತಮ್ಮ ಇವರು.’

ಚಿಕ್ಕ ಡಾಕ್ಟರ ಪೆನ್ನು ನಿಂತಿತು. ‘ಸಗೇ ಮಾಮಾ?’ ಎಂದ, ಸ್ವಂತ ಸೋದರಮಾವನೇ ಎಂದು. ಕೇಳಿಬಿಟ್ಟ ಮೇಲೆ ಅವನ ಕಿವಿ ಕೆಂಪಾಯಿತು.

‘ಸಗೇ,’ ಎಂದಳು ಜಲಜಾ.

ಬಾಗಿಲು ಅರ್ಧ ತೆರೆದಿತ್ತು. ಸೆರಗಿನ ಹೆಂಗಸು ಅಲ್ಲೇ ನಿಂತಿದ್ದಳು. ಅವಳು ಈಗ ಧಾರಿಣಿಯನ್ನು ಬಿಟ್ಟು ಏಕನಾಥನನ್ನು ನೋಡುತ್ತಿದ್ದಳು. ಅವನಿಗೆ ಇಡೀ ಮೈ ಬಿಚ್ಚಿಟ್ಟ ಹಾಗಾಯಿತು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಅಕ್ಕನ ಮಗಳು ಹುಟ್ಟಿದಾಗ ತೊಟ್ಟಿಲು ತೂಗಿದವನು ಅವನು. ‘ಹೊರಗೆ ಕೊಟ್ಟರೆ ಯಾರು ಹೇಗೋ ಏನೋ, ನೀನೇ ಇಟ್ಕೋ’ ಎಂದು ಅಕ್ಕ ಕೇಳಿದಾಗ ಇಲ್ಲ ಎನ್ನುವ ಬಾಯಿ ಅವನಿಗಿರಲಿಲ್ಲ. ಜಲಜಾಳನ್ನು ಯಾರೂ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ, ದೆಹಲಿಗೆ ಬರುವ ರೈಲಿನಲ್ಲಿ, ಅವಳು ಅಭ್ಯಾಸಬಲದಿಂದ ಅವನನ್ನು ಮಾಮ ಎಂದು ಕರೆದು ನಾಲಿಗೆ ಕಚ್ಚಿಕೊಂಡಿದ್ದಳು. ಅವನು ಎದ್ದು ಬಾಗಿಲ ಹತ್ತಿರ ಹೋಗಿ ಬಹಳ ಹೊತ್ತು ಗಾಳಿಗೆ ಮುಖ ಕೊಟ್ಟು ನಿಂತಿದ್ದ.

‘ನಿಮ್ಮ ಕಡೆ ಇದು ಪದ್ಧತಿ, ನನಗೆ ಗೊತ್ತು. ನಾಚಿಕೆಯದೇನಿಲ್ಲ,’ ಎಂದ ಡಾಕ್ಟರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಚೌಕ ಮತ್ತು ಸೊನ್ನೆಯ ನಡುವಿನ ಗೆರೆಯ ಪಕ್ಕದಲ್ಲೇ ರಕ್ತಸಂಬಂಧದ ಮದುವೆಯ ಗುರುತಾಗಿ ಎರಡನೆಯ ಗೆರೆಯೊಂದನ್ನು ಎಳೆದರು. ಆಮೇಲೆ ಧಾರಿಣಿಯ ಕಡೆ ತಿರುಗಿ ಹೇಳತೊಡಗಿದರು. ಮನುಷ್ಯನಲ್ಲಿ ಪ್ರತಿಯೊಂದು ಜೀನೂ ಎರಡೆರಡು ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಹುಟ್ಟಿನ ಕೂದಲು ಉದುರಿದ ಮೇಲೆ ಬೇರಿಗೆ ಮತ್ತೆ ಚಿಗುರು ಎಂದು ಹೇಳುವ ಜೀನ್ ಒಂದಿದೆ. ಏಕನಾಥನ ತಂದೆಯಲ್ಲೋ ತಾಯಿಯಲ್ಲೋ ಅದರ ಒಂದು ಪ್ರತಿ ಕೆಟ್ಟಿತ್ತು. ಒಂದು ಕೆಟ್ಟರೆ ಏನೂ ಆಗುವುದಿಲ್ಲ, ಇನ್ನೊಂದು ಕೆಲಸ ಮಾಡುತ್ತದೆ, ಅದಕ್ಕೇ ಅವರಿಗೆಲ್ಲ ಕೂದಲಿತ್ತು. ಆ ಕೆಟ್ಟದ್ದೇ ಏಕನಾಥನಿಗೂ ಬಂತು, ಅವನ ಅಕ್ಕನಿಗೂ ಬಂತು, ಅಕ್ಕನಿಂದ ಜಲಜಾಗೆ. ‘ಎರಡೂ ಕಡೆಯಿಂದ ಇಳಿದು ಬಂದು ನಿನ್ನಲ್ಲಿ ಸೇರಿತು. ನಿನ್ನ ಮೊಣಕೈ ಮೇಲಿನ ಸಣ್ಣ ಗುಳ್ಳೆಗಳೂ ಅದರದ್ದೇ. ಇದು ದೇಹ ತನ್ನ ಮೇಲೆ ತಾನೇ ಬೀಳುವ ಕಾಯಿಲೆಯಲ್ಲ. ಆ ಇಂಜೆಕ್ಷನ್ನುಗಳಿಂದ ಏನೂ ಆಗುವಂತಿರಲಿಲ್ಲ.’

‘ನನ್ನ ಮಕ್ಕಳಿಗೆ?’ ಎಂದು ಕೇಳಿದಳು ಧಾರಿಣಿ.

‘ಸಂಬಂಧವಿಲ್ಲದ ಹುಡುಗನಾದರೆ ಬರುವುದು ತೀರಾ ಅಪರೂಪ. ಕೆಟ್ಟ ಪ್ರತಿ ಅವರಲ್ಲಿ ಸುಮ್ಮನೆ ಇರುತ್ತದೆ, ಅಷ್ಟೇ. ಹುಡುಗನಿಗೂ ಒಮ್ಮೆ ಪರೀಕ್ಷೆ ಮಾಡಿಸಿದರೆ ನಿಶ್ಚಿಂತೆ.’

ಧಾರಿಣಿಯ ಭುಜ ಇಳಿಯಿತು. ಅಷ್ಟು ಹೊತ್ತೂ ಅದು ಏರಿಯೇ ಇತ್ತು ಎಂದು ಏಕನಾಥನಿಗೆ ಆಗ ಗೊತ್ತಾಯಿತು. ಜಲಜಾ ಮುಂದಕ್ಕೆ ಬಾಗಿದಳು. ‘ಡಾಕ್ಟರ್ ಸಾಹೇಬ್, ಅವಳಿಗೆ ಮುಡಿ ಕೊಟ್ಟಿದ್ದೆವು. ಕತ್ತಿ ತಾಗಿತ್ತು.’

‘ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬೋಳಿಸದಿದ್ದರೂ ಉದುರುತ್ತಿತ್ತು.’

ಈಗ ಹಗುರಾಗಬೇಕು ಎಂದು ಏಕನಾಥ ಕಾದ. ಹಗುರಾಗಲಿಲ್ಲ. ಪಕ್ಕದಲ್ಲಿ ಜಲಜಾಳ ಮುಖ ಖಾಲಿಯಾಗಿತ್ತು, ಇಷ್ಟು ಕಾಲ ಜೋಪಾನ ಮಾಡಿದ್ದನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ. ಅವಳು ಬೇರೆ ಏನನ್ನೋ ಕೇಳಲು ಹೊರಟಿದ್ದಾಳೆ ಎಂದು ಅವನಿಗೆ ಕಂಡಿತು, ಏನೆಂದೂ ಕಂಡಿತು, ‘ಜಲಜಾ’ ಎಂದ. ಅವಳು ನಿಲ್ಲಲಿಲ್ಲ.

‘ಇವಳ ನಂತರದ್ದು ಹುಟ್ಟಿದ್ದರೆ, ಅದಕ್ಕೂ ಹೀಗೇ ಆಗುತ್ತಿತ್ತಾ?’

‘ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಮೂರು ಪಾಲು ಏನೂ ಆಗುವುದಿಲ್ಲ,’ ಎಂದ ಡಾಕ್ಟರು ಚಿಕ್ಕವನ ಹಾಳೆಯ ಕಡೆ ನೋಡಿ, ‘ಇನ್ನೊಂದು ಇತ್ತಾ? ಹೋದ ಸಲ ಹೇಳಲಿಲ್ಲ,’ ಎಂದರು.

‘ಇತ್ತು,’ ಎಂದಳು ಜಲಜಾ. ‘ತೆಗೆಸಿದೆವು.’

ಧಾರಿಣಿ ತಾಯಿಯನ್ನು ನೋಡಿದಳು. ಆಮೇಲೆ ತಂದೆಯನ್ನು.

ಹೊರಗೆ, ಆಸ್ಪತ್ರೆಯ ಗೇಟಿನ ಆಚೆ, ಫುಟ್‌ಪಾತಿನ ಚಹಾ ಅಂಗಡಿಯಲ್ಲಿ ಮೂವರೂ ನಿಂತರು. ಬಿಸಿಲು ಹೊಗೆಯಲ್ಲಿ ಮಾಸಿದ ಹಿತ್ತಾಳೆಯ ಹಾಗಿತ್ತು. ಯಾರಿಗೂ ಬೇಕಿಲ್ಲದಿದ್ದರೂ ಏಕನಾಥ ‘ಭಯ್ಯಾ, ತೀನ್ ಚಾಯ್’ ಎಂದ. ಧಾರಿಣಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ.

‘ನಾನು ಎಷ್ಟು ದೊಡ್ಡವಳಿದ್ದೆ?’ ಎಂದಳು.

‘ಆಗತಾನೆ ಸ್ಕೂಲಿಗೆ ಸೇರಿಸಿದ್ದೆವು,’ ಎಂದಳು ಜಲಜಾ.

‘ನನ್ನ ಥರ ಆಗಬಾರದು ಅಂತ, ಅಲ್ವಾ?’

‘ಹಾಗಲ್ಲ ಪುಟ್ಟಿ.’

‘ಮತ್ತೆ ಹೇಗೆ ಅಮ್ಮ?’

ಜಲಜಾ ಗಂಡನ ಕಡೆ ನೋಡಿದಳು. ಎರಡನೆಯದು ನಿಂತಾಗ, ಮೊದಲು ಇವಳ ಕೂದಲು ಸರಿಹೋಗಲಿ ಎಂದವನು ಅವನು. ನರ್ಸಿಂಗ್ ಹೋಮಿನ ಹಸಿರು ಪರದೆಯ ಆಚೆ ಜಲಜಾ ಹೋದಾಗ, ಹೊರಗೆ ಬೆಂಚಿನ ಮೇಲೆ ಧಾರಿಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಸ್ಕತ್ತು ತಿನ್ನಿಸುತ್ತ ಕಾದವನು ಅವನು. ಅಮ್ಮನಿಗೆ ಹೊಟ್ಟೆನೋವು ಎಂದು ಹೇಳಿದ್ದ. ಈಗ ಅವನು, ‘ಆಗ ನಿನ್ನ ಟ್ರೀಟ್‌ಮೆಂಟು ನಡೀತಿತ್ತು, ಅಮ್ಮನಿಗೂ ಹುಷಾರಿರಲಿಲ್ಲ’ ಎಂದು ಶುರುಮಾಡಿದ. ಧಾರಿಣಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಚಹಾವನ್ನು ಹಾಗೇ ಕಟ್ಟೆಯ ಮೇಲಿಟ್ಟಳು.

‘ಇವತ್ತು ನನಗೆ ಒಳ್ಳೇ ಸುದ್ದಿ ಸಿಕ್ಕಿದೆ,’ ಎಂದಳು. ‘ಖುಷಿಯಾಗಿರಬೇಕಿತ್ತು. ಚಲೋ, ನಾನು ಹೊರಡ್ತೀನಿ.’

ಆಟೋ ಹತ್ತುವಾಗ ಜಲಜಾ ಓಡಿಹೋಗಿ ಅವಲಕ್ಕಿಯ ಡಬ್ಬಿಯನ್ನು ಅವಳ ಕೈಗೆ ತುರುಕಿದಳು. ಧಾರಿಣಿ ತೆಗೆದುಕೊಂಡಳು. ಬೇಡ ಎನ್ನಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಜಲಜಾ ಮಾಮೂಲಿನಂತೆ ಕುಕ್ಕರ್ ಇಟ್ಟಳು, ಒಗೆದ ಬಟ್ಟೆ ಮಡಚಿದಳು. ಏಕನಾಥ ಬಾಲ್ಕನಿಯಲ್ಲಿ ಕೂತು ಎದುರಿನ ಕಟ್ಟಡ ಹೊಗೆಯೊಳಗೆ ಹಿಂದೆ ಸರಿಯುವುದನ್ನು ನೋಡಿದ. ಮೂರು ಪಾಲು ಎಂದು ಡಾಕ್ಟರು ಹೇಳಿದಾಗಿನಿಂದ ಅವನ ಕಣ್ಣ ಮುಂದೆ ಒಂದು ಮಗುವಿನ ಬೆನ್ನು ಬರುತ್ತಿತ್ತು. ಮುಖವಿಲ್ಲ, ಕುತ್ತಿಗೆಯ ಮೇಲಿನ ಕೂದಲು ಮಾತ್ರ. ತನ್ನ ಮನಸ್ಸು ಈಗಲೂ ಆ ಮಗುವಿಗೆ ಕೂದಲು ಅಂಟಿಸಿಯೇ ತೋರಿಸುತ್ತಿದೆ ಎಂದು ಹೊಳೆದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಇರಲಿ ಎಂದು ಬಯಸುವಾಗಲೂ ಅದು ಧಾರಿಣಿಯ ಹಾಗಿರಬಾರದು ಎಂದೇ ಬಯಸುತ್ತಿದ್ದೇನೆ ಅಂದುಕೊಂಡ. ಒಳಗೆ ಫೋನು ರಿಂಗಾಯಿತು. ಅಕ್ಕನೇ ಇರಬೇಕು, ಇವತ್ತು ಆಸ್ಪತ್ರೆ ಎಂದು ಅವಳಿಗೆ ಗೊತ್ತಿತ್ತು. ಈಚೆಗೆ ಅವಳಿಗೆ ಕಿವಿ ಮಂದ, ಜಲಜಾ ಜೋರಾಗಿ ಮಾತಾಡಬೇಕಾಗುತ್ತದೆ. ಏಕನಾಥ ಎದ್ದು ಬಾಗಿಲಿಗೆ ಬಂದ.

‘ಹೂಂ ಅಮ್ಮ, ಹೋಗಿದ್ವಿ. ಅವಳ ಮಕ್ಕಳಿಗೇನೂ ಬರಲ್ಲವಂತೆ.’ ಜಲಜಾ ಮಂಚದ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದಳು. ಆ ಕಡೆಯಿಂದ ಅಕ್ಕ ಏನೋ ಕೇಳಿದಳು, ಬಹಳ ಹೊತ್ತು ಕೇಳಿದಳು. ಜಲಜಾ ಕಣ್ಣು ಮುಚ್ಚಿಕೊಂಡಳು. ‘ಇಲ್ಲಮ್ಮ. ಸಂಬಂಧದಲ್ಲಿ ಕೊಟ್ಟಿದ್ದಕ್ಕಲ್ಲ. ಯಾರಂದ್ರು ನಿಂಗೆ? ಮುಡಿ ಕೊಡುವಾಗ ಕತ್ತಿ ತಾಗಿತ್ತಲ್ಲ, ಅದೇ ಇರಬೇಕು ಅಂದ್ರು.’

ಕಣ್ಣು ತೆರೆದಾಗ ಏಕನಾಥ ಎದುರಿಗೆ ನಿಂತಿದ್ದ. ಅವಳು ಫೋನು ಕೆಳಗಿಡಲಿಲ್ಲ, ಬಾಯಿ ತಪ್ಪಿತು ಎನ್ನುವಂತೆಯೂ ನೋಡಲಿಲ್ಲ. ಫೋನನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಂಡ.

‘ಹೌದಕ್ಕ,’ ಎಂದ, ಜೋರಾಗಿ. ‘ನಾನೇ ಅವಸರ ಮಾಡಿದ್ದು. ಜಲಜಾ ಬೇಡ ಅಂದಿದ್ದಳು.’

‘ಹೋಗಲಿ ಬಿಡು ಏಕೂ,’ ಎಂದಳು ಅಕ್ಕ. ‘ಬೇಕೂಂತ ಮಾಡ್ತೀಯಾ ನೀನು? ನಾನು ಅದೇ ಹೆದರಿಕೊಂಡಿದ್ದೆ, ನಾನೇ ನಿಮ್ಮಿಬ್ಬರಿಗೂ ಗಂಟು ಹಾಕಿ...’ ಅವಳು ಅಳುತ್ತಿದ್ದಳೋ ಕೆಮ್ಮುತ್ತಿದ್ದಳೋ ತಿಳಿಯಲಿಲ್ಲ. ಫೋನು ಇಟ್ಟ ಮೇಲೆ ಗಂಡ ಹೆಂಡತಿ ಮಂಚದ ಎರಡು ತುದಿಯಲ್ಲಿ ಕೂತರು. ಅವರು ಜೊತೆಯಾಗಿ ಒಂದು ಕೆಲಸ ಮಾಡಿ ಬಹಳ ವರ್ಷವಾಗಿತ್ತು.

‘ಅಮ್ಮನಿಗೆ ಹೇಳಬಹುದು,’ ಎಂದಳು ಜಲಜಾ. ‘ಧಾರಿಣಿಗೆ ಹಾಗೆ ಹೇಳಬೇಡಿ. ಟ್ರೀಟ್‌ಮೆಂಟು, ಹುಷಾರಿಲ್ಲ, ಅದೆಲ್ಲ. ನಾನು ಹುಷಾರಾಗೇ ಇದ್ದೆ.’

ಭಾನುವಾರ ಏಕನಾಥ ಒಬ್ಬನೇ ಮುನಿರ್ಕಾಕ್ಕೆ ಹೋದ. ಎರಡು ಕಡೆಯ ಮನೆಗಳು ಮೇಲೆ ಹೋಗುತ್ತ ಹೋಗುತ್ತ ಒಂದಕ್ಕೊಂದು ಬಾಗಿ, ನಡುವೆ ವೈರುಗಳು ಜೋತುಬಿದ್ದು, ಗಲ್ಲಿಯಲ್ಲಿ ಹಗಲಿನಲ್ಲೂ ದೀಪ ಉರಿಯುತ್ತಿತ್ತು. ಧಾರಿಣಿಯ ರೂಮು ಮಹಡಿಯ ತುದಿಯಲ್ಲಿ. ಜೊತೆಯ ಹುಡುಗಿ ಹರ್ಷಿಣಿ ಲೈಬ್ರರಿಗೆ ಹೋಗಿದ್ದಳಂತೆ. ಧಾರಿಣಿ ಶಾಲು ಹೊದ್ದು, ಮುಖ ತೊಳೆದು ಹುಬ್ಬು ಬರೆಯದೆ ಇದ್ದಳು. ಅವಳನ್ನು ಹಾಗೆ ಅವನು ನೋಡಿ ಎಷ್ಟೋ ಕಾಲವಾಗಿತ್ತು. ಕುರ್ಚಿಯ ಮೇಲಿನ ಪುಸ್ತಕಗಳನ್ನು ತೆಗೆದು ಅವನಿಗೆ ಜಾಗ ಮಾಡಿಕೊಟ್ಟಳು. ತಾನು ಹಾಸಿಗೆಯ ಮೇಲೆ ಕೂತಳು.

‘ಏನೋ ಹೇಳೋಕೆ ಬಂದಿದ್ದೀರಿ,’ ಎಂದಳು.

‘ಹೂಂ.’ ಮೆಟ್ರೋದಲ್ಲಿ ಕೂತು ಅವನು ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಅವು ಈಗ ಇರಲಿಲ್ಲ. ‘ನಿರ್ಧಾರ ನನ್ನದು. ನಿನ್ನಮ್ಮನದಲ್ಲ. ಅವಳು ಅವತ್ತು ಬೆಳಿಗ್ಗೆಯೂ ಕೇಳಿದಳು, ಈ ಮಗು ಬೇಡವಾ ಅಂತ.’

‘ಅಮ್ಮ ಹೇಳಿದಳು. ಫೋನ್ ಮಾಡಿದ್ದಳು.’

ಕೆಳಗಿನ ಮನೆಯಲ್ಲಿ ಯಾರೋ ಹಿಂದಿಯಲ್ಲಿ ಮಗುವಿಗೆ ಮಗ್ಗಿ ಹೇಳಿಸುತ್ತಿದ್ದರು. ಮಗು ಒಂದು ಕಡೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು.

‘ನಾನೊಂದು ಕೇಳ್ತೀನಿ,’ ಎಂದಳು ಧಾರಿಣಿ. ‘ನನ್ನನ್ನು ಸಮಾಧಾನ ಮಾಡೋಕೆ ಹೇಳಬೇಡಿ. ಈ ಟೆಸ್ಟು ಆಗಲೇ ಇದ್ದು, ನಾನು ಹೀಗೆ ಹುಟ್ತೀನಿ ಅಂತ ಮೊದಲೇ ಗೊತ್ತಿದ್ದಿದ್ರೆ?’

ಏನು ಮಾತು ಅಂತ ಆಡ್ತೀಯ ಎನ್ನಬಹುದಿತ್ತು. ಯಾವ ತಂದೆಯೂ ಹಾಗೇ ಅನ್ನುತ್ತಾನೆ. ಅಂದು, ಎದ್ದು, ಮಗಳ ಬೆನ್ನು ತಟ್ಟುತ್ತಾನೆ. ಏಕನಾಥನಿಗೆ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನಿಸುತ್ತಿದ್ದ ಆ ಮನುಷ್ಯ ಕಂಡ. ಇಸ್ತ್ರಿ ಮಾಡಿದ ಶರ್ಟು, ಯಾರಾದರೂ ನೋಡುತ್ತಿದ್ದಾರೇನೋ ಎಂದು ಆಗಾಗ ಮಗುವಿನ ಟೋಪಿಯನ್ನು ಕೆಳಕ್ಕೆಳೆಯುವ ಕೈ. ಆ ಮನುಷ್ಯ ಏನು ಮಾಡುತ್ತಿದ್ದ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

‘ಬೇಡ ಅಂತಿದ್ದೆ,’ ಎಂದ. ‘ಆಗಿನ ನಾನು ಬೇಡ ಅಂತಿದ್ದೆ ಪುಟ್ಟಿ.’

ಧಾರಿಣಿ ಅವನನ್ನೇ ನೋಡುತ್ತ ಕೂತಳು. ‘ಹೂಂ,’ ಎಂದಳು, ತನಗೂ ಅದೇ ಅನಿಸಿತ್ತು ಎನ್ನುವ ಹಾಗೆ. ಆಮೇಲೆ ಅವಳ ಮುಖ ಒಡೆಯಿತು. ತಡೆದು ನಿಲ್ಲಿಸಲು ರೆಪ್ಪೆಗೂದಲಿಲ್ಲದ ಕಣ್ಣಿನಿಂದ ನೀರು ನೇರವಾಗಿ ಕೆನ್ನೆಗಿಳಿಯಿತು. ಅವನು ಎದ್ದು ಹೋಗಲಿಲ್ಲ, ಅಳಬೇಡ ಎನ್ನಲೂ ಇಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅವಳನ್ನು ನೋಡುತ್ತ ಕೂತ, ಆ ಬರೆಯದ ಹುಬ್ಬಿನ, ಬೆತ್ತಲೆ ತಲೆಯ ಮುಖವನ್ನು, ದೃಷ್ಟಿ ಪಕ್ಕಕ್ಕೆ ಸರಿಸದೆ. ಅಳು ಮುಗಿಯಲು ಬಹಳ ಹೊತ್ತಾಯಿತು.

‘ಈಗಿನ ನೀವು?’ ಎಂದಳು, ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು.

ಅವಳು ಕಾದಳು; ಮಾತು ಹುಡುಕಿಕೊಡಲಿಲ್ಲ.

‘ಈಗ ನೀನು ಇದ್ದೀಯಲ್ಲ,’ ಎಂದ ಕೊನೆಗೆ.

ಅದು ಉತ್ತರವಲ್ಲ ಎಂದು ಅವನಿಗೂ ಗೊತ್ತಿತ್ತು. ಧಾರಿಣಿ ಎದ್ದು ಮೂಲೆಯ ಸ್ಟವ್ ಹಚ್ಚಿ ಚಹಾಕ್ಕೆ ನೀರಿಟ್ಟಳು. ಬೆನ್ನು ತಿರುಗಿಸಿಕೊಂಡೇ, ‘ಸಕ್ಕರೆ ಹಾಕಲಾ?’ ಎಂದು ಕೇಳಿದಳು, ಮೊದಲ ಸಲ ಮನೆಗೆ ಬಂದವರನ್ನು ಕೇಳುವ ಹಾಗೆ. ಡಾಕ್ಟರು ಬೇಡ ಎಂದ ಮೇಲೆ ಅವನು ಸಕ್ಕರೆ ಮುಟ್ಟುತ್ತಿರಲಿಲ್ಲ. ‘ಹಾಕು’ ಎಂದ. ಅವಳು ಕೊಟ್ಟ ಚಹಾ ನಾಲಿಗೆಗೆ ಅಂಟುವಷ್ಟು ಸಿಹಿಯಾಗಿತ್ತು. ಅವನು ಅದನ್ನು ಸಣ್ಣ ಸಣ್ಣ ಗುಟುಕಾಗಿ, ಆರಿ ತಣ್ಣಗಾದ ಮೇಲೂ ಕುಡಿಯುತ್ತ ಕೂತ, ಮುಗಿದರೆ ಎದ್ದು ಹೋಗಬೇಕಾಗುತ್ತದೆಂದು.